ನಾಲ್ಕು ಕಡೆಯಿಂದ ಕುಂಬಳಕಾಯಿ ತಂದು ಹುಳಿ, ಪಲ್ಯ, ಸಾರು ಮಾಡಿದ್ಮೇಲೆ ಬರೀತಿರೋ ರಿವ್ಯೂ

ಮೊದ್ಲೇ ಹೇಳ್ಬಿಡ್ತೀನಿ, ಹಲ್ವಾ ಕಡುಬು ಗಾರಿಗೆ ಮಾಡೋರಿಗೆ ಈ ರಿವ್ಯೂ ಅಷ್ಟೇನೂ ಉಪಯೋಗಕ್ಕೆ ಬರಲ್ಲ. ಬೆಲ್ಲ ತುಪ್ಪ ಏಲಕ್ಕಿ ಬಿದ್ಮೇಲೆ ಎಂಥ ಸಿಹಿಕುಂಬಳ ಆದ್ರೂ ಮಾನ ಉಳಿಸ್ಕೊಳ್ಳುತ್ತೆ. ಮರ್ಯಾದೆ ಹೋಗೋದು ಖಾರದ ಅಡುಗೆಲಿ. ನಮ್ಮನೇಲಿ ಹೋಗಿದ್ದೂ ಹಾಗೇ. ಒಂದು ಭಾನುವಾರ ಕಷ್ಟಪಟ್ಟು ಮಸಾಲೆ ಹುರಿದು ರುಬ್ಬಿ ಹುಳಿ ಮಾಡಿದ್ರೆ ನಮ್ಮವರು ಎರಡು ತುತ್ತು ತಿಂದು "ಏನೇ ಇದು, ಹುಳಿನಾ ಪಾಯಸನಾ" ಅಂದ್ರು. ಸಿಟ್ಟು ಬಂತು, ಆದ್ರೆ ನಾನೂ ಒಂದು ತುತ್ತು ತಿಂದ್ನೋಡಿದ್ರೆ ಅವರು ಹೇಳಿದ್ದು ನಿಜ. ಹೋಳೆಲ್ಲ ಕರಗಿ ಬೇಳೆ ಜೊತೆ ಒಂದಾಗಿ, ಹುಳಿ ಅನ್ನೋದು ಹಳದಿ ಗಂಜಿ ಥರ ಆಗಿತ್ತು, ಅದ್ರಲ್ಲೂ ಸಿಹಿ ಸಿಹಿ.

ಅವತ್ತು ಊರಿಗೆ ಫೋನ್ ಮಾಡಿ ಆಯಿ, ಅಂದ್ರೆ ನಮ್ಮಮ್ಮನ ಹತ್ರ ಹೇಳ್ಕೊಂಡ್ರೆ ಅವಳು ಮಸಾಲೆ ಬಗ್ಗೆ ಒಂದು ಮಾತೂ ಕೇಳ್ಲಿಲ್ಲ. "ತೊಟ್ಟು ನೋಡಿದ್ಯನೇ?" ಅಂದ್ಳು ಅಷ್ಟೇ. ತೊಟ್ಟು ಎಲ್ಲಿಂದ ನೋಡ್ಲಿ, ನಾನು ತರ್ಸಿದ್ದು ಸಿಪ್ಪೆ ತೆಗೆದು ಕತ್ತರಿಸಿ ಪ್ಯಾಕ್ ಮಾಡಿದ್ದು. ನನ್ನ ತವರು ಸಿದ್ದಾಪುರದ ಕಡೆ, ಅಲ್ಲಿ ಇದಕ್ಕೆ ಚೀನೀಕಾಯಿ ಅಂತಾರೆ, ಅಟ್ಟದ ಮೇಲೆ ಸಾಲಾಗಿ ಇಟ್ಟಿರ್ತಿದ್ರು, ಮಳೆಗಾಲದಲ್ಲಿ ತರಕಾರಿ ಇಲ್ದಾಗ ಒಂದೊಂದೇ ಇಳ್ಸೋದು. ಬೆಂಗಳೂರಿಗೆ ಬಂದು 14 ವರ್ಷ ಆಯ್ತು, ಅಟ್ಟನೂ ಇಲ್ಲ ತೊಟ್ಟೂ ಇಲ್ಲ. ಸರಿ, ತಪ್ಪು ಕೈದಾ ಕಾಯಿದಾ ನೋಡೇಬಿಡೋಣ ಅಂತ ಹಠ ಹಿಡಿದು ಒಂದೂವರೆ ತಿಂಗಳು ನಾಲ್ಕು ಕಡೆಯಿಂದ ಕುಂಬಳಕಾಯಿ ತಂದು ಮಾಡಿದೀನಿ. ಮನೇಲಿ ಎಲ್ಲರಿಗೂ ಕುಂಬಳಕಾಯಿ ಅಂದ್ರೆ ಓಡಿಹೋಗೋ ಹಾಗಾಗಿದೆ, ಅದು ಬೇರೆ ವಿಷ್ಯ.

ಮೊದಲನೇದು ಫೋನಲ್ಲಿ ಆರ್ಡರ್ ಮಾಡಿದ್ರೆ ಹದಿನೈದು ನಿಮಿಷದಲ್ಲಿ ಬಾಗಿಲಿಗೆ ಬರೋ ಆ್ಯಪ್. ಯಾವುದು ಅಂತ ಹೇಳಲ್ಲ, ಎಲ್ಲಾ ಒಂದೇ ಥರ ಇರ್ಬೋದು. 250 ಗ್ರಾಂ ಪ್ಯಾಕೆಟ್, ಸಿಪ್ಪೆ ಬೀಜ ಎಲ್ಲ ತೆಗೆದಿರೋ ಹೋಳು. ಫೋಟೋದಲ್ಲಿ ಚಿನ್ನದ ಬಣ್ಣ, ಒಂದೇ ಸೈಜು. ಬಂದಿದ್ದು ಒಂದು ಹೋಳು ಲಡ್ಡು ಗಾತ್ರ, ಇನ್ನೊಂದು ಕಡ್ಲೆಬೀಜ ಗಾತ್ರ. ಇದ್ರಲ್ಲೇನು ಮಹಾ ಅನ್ಬೇಡಿ, ಕುಂಬಳಕಾಯಿ ಬೇಗ ಬೇಯೋ ತರಕಾರಿ, ದೊಡ್ಡ ಹೋಳು ಬೇಯೋ ಹೊತ್ತಿಗೆ ಸಣ್ಣದು ಮಾಯ ಆಗಿರುತ್ತೆ. ಪ್ಯಾಕೆಟ್ ಒಳಗೆ ಬೆವರಿನ ಥರ ನೀರು, ಹೋಳು ಮುಟ್ಟಿದ್ರೆ ಲೋಳೆ ಲೋಳೆ. ಎಲ್ಲಕ್ಕಿಂತ ದೊಡ್ಡ ತಪ್ಪು ಸಿಪ್ಪೆ ತೆಗೆಯೋದೇ. ಹುಳಿ ಪಲ್ಯಕ್ಕೆ ಸಿಪ್ಪೆ ಇರಬೇಕು, ಹೋಳಿಗೆ ಅದೇ ಬೆನ್ನುಮೂಳೆ. ಸಿಪ್ಪೆ ಇದ್ರೆ ಒಳಗೆ ಎಷ್ಟು ಮೆತ್ತಗಾದ್ರೂ ಹೋಳು ಹೋಳಾಗೇ ನಿಲ್ಲುತ್ತೆ, ಬೆಂದ್ಮೇಲೆ ಸಿಪ್ಪೆನೂ ಸಲೀಸಾಗಿ ತಿನ್ಬೋದು. ಪಾಯಸ ಆದ ಹುಳಿ ಈ ಪ್ಯಾಕೆಟ್ ಕೃಪೆ.

ಇದೇ ಆ್ಯಪಲ್ಲಿ ಇನ್ನೊಂದು ಸಲ ಬುದ್ಧಿ ಉಪಯೋಗಿಸಿ, ಪ್ಯಾಕೆಟ್ ಬೇಡ ಇಡೀ ತುಂಡೇ ಬರ್ಲಿ ಅಂತ ಕನ್ನಡದಲ್ಲಿ "ಕುಂಬಳಕಾಯಿ" ಅಂತ ಹುಡುಕಿ ಆರ್ಡರ್ ಮಾಡಿದ್ರೆ ಬಂದಿದ್ದು ಬೂದುಗುಂಬಳ! ಕಂಪ್ಲೇಂಟ್ ಕೊಟ್ರೆ "ಮೇಡಂ ನೀವು ಕುಂಬಳಕಾಯಿನೇ ಕೇಳಿರೋದು" ಅಂತ ಉತ್ತರ. ದುಡ್ಡು ವಾಪಸ್ ಬರ್ಲಿಲ್ಲ. ಯೋಚ್ನೆ ಮಾಡಿದ್ರೆ ಅವರ ಮಾತಲ್ಲೂ ಅರ್ಧ ಸತ್ಯ ಇದೆ ಬಿಡಿ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಅಂತೀವಲ್ಲ, ಆ ಕಳ್ಳ ಕದ್ದಿದ್ದು ಬೂದುಗುಂಬಳಾನೇ ಇರ್ಬೇಕು, ಹೆಗಲಿಗೆ ಬೂದಿ ಅಂಟೋದು ಅದ್ರದ್ದೇ. ಆಯುಧಪೂಜೆಗೆ ರೋಡಲ್ಲಿ ಒಡೆಯೋದೂ ಅದೇ, ಸಿನಿಮಾ ಶೂಟಿಂಗ್ ಮುಗೀತು ಅಂತ ಒಡೆಯೋದೂ ಅದೇ. ಸಿಹಿಕುಂಬಳದ ಮೂಲ ಅಮೆರಿಕಾ ಖಂಡ, ಮೆಣಸಿನಕಾಯಿ ಟೊಮೇಟೊ ಥರ ಆಮೇಲೆ ಹಡಗು ಹತ್ತಿ ಬಂದಿದ್ದು. ಹಂಗಾಗಿ ಬರೀ ಕುಂಬಳಕಾಯಿ ಅಂತ ಕೇಳಿದ್ರೆ ಹಳೇ ಹಕ್ಕುದಾರನೇ ಬಂದ್ಬಿಟ್ಟ. ಅವತ್ತು ಮಜ್ಜಿಗೆ ಹುಳಿ ಆಯ್ತು, ಚೆನ್ನಾಗೇ ಇತ್ತು. ಆದ್ರೂ ಆ್ಯಪಿಗೆ ನನ್ನ ಕಡೆಯಿಂದ 5ಕ್ಕೆ 1. ಆ ಒಂದೂ ಮಳೇಲಿ ನೆನ್ಕೊಂಡು ತಂದುಕೊಟ್ಟ ಹುಡುಗನಿಗೆ.

ಎರಡನೇದು ನಮ್ಮ ಏರಿಯಾದಲ್ಲೇ ಇರೋ ದೊಡ್ಡ ಸೂಪರ್ ಮಾರ್ಕೆಟ್. ಎ.ಸಿ., ಟ್ರಾಲಿ, ತರಕಾರಿ ಮೇಲೆ ಮಂಜಿನ ಥರ ನೀರು ಚಿಮ್ಕಿಸೋ ಪೈಪು. ಅಲ್ಲಿ ಕುಂಬಳಕಾಯಿನ ಚಂದ್ರನ ಥರ ಸೀಳಿ ಪ್ಲಾಸ್ಟಿಕ್ ಹಾಳೆ ಬಿಗಿಯಾಗಿ ಸುತ್ತಿ ಇಟ್ಟಿರ್ತಾರೆ. ಬಣ್ಣ ಕಾಣುತ್ತೆ, ಮೂಸಿ ನೋಡಕ್ಕಾಗಲ್ಲ, ಯಾವತ್ತು ಕತ್ತರಿಸಿದ್ದು ಗೊತ್ತಾಗಲ್ಲ. ಮನೆಗೆ ತಂದು ಹಾಳೆ ಬಿಚ್ಚಿದ್ರೆ ಬೀಜ ಇರೋ ಜಾಗದಲ್ಲಿ ಹುಳಿ ವಾಸನೆ. ಇಲ್ಲೊಂದು ವಿಷ್ಯ ತಿಳ್ಕೊಳ್ಳಿ, ಕತ್ತರಿಸಿದ ಕುಂಬಳಕಾಯಿ ಕೆಡೋದು ಒಳಗಿನ ತಿರುಳಿಂದ ಶುರುವಾಗಿ. ತಂದ ತಕ್ಷಣ ಚಮಚದಲ್ಲಿ ಬೀಜ ತಿರುಳು ಕೆರೆದು ತೆಗೆದು, ತೆಳು ಕಾಟನ್ ಬಟ್ಟೆ ಇಲ್ಲಾ ಪೇಪರ್ ಸುತ್ತಿ ಫ್ರಿಜ್ಜಲ್ಲಿಟ್ರೆ ನಾಲ್ಕೈದು ದಿನ ಏನೂ ಆಗಲ್ಲ. ತಿರುಳು ಸಮೇತ ಪ್ಲಾಸ್ಟಿಕ್ಕಲ್ಲಿ ಸುತ್ತಿಟ್ರೆ ಎರಡನೇ ದಿನಕ್ಕೇ ಲೋಳೆ ಬರುತ್ತೆ, ಅವರು ಮಾಡಿರೋದೂ ಅದೇ.

ಆದ್ರೆ ಅದೇ ಅಂಗಡೀಲಿ ಬಟರ್‌ನಟ್ ಅಂತ ಇನ್ನೊಂದು ಸಿಕ್ತು, ತಂಬೂರಿ ಬುರುಡೆಗೆ ಕತ್ತು ಬಂದ ಹಾಗೆ ಉದ್ದಕ್ಕೆ ಇರುತ್ತೆ, ತಿಳಿ ಗೋಧಿ ಬಣ್ಣ. ಫಾರಿನ್ ತರಕಾರಿ ಅಂತ ಬೇರೆ ರ‍್ಯಾಕಲ್ಲಿ ರಾಜಮರ್ಯಾದೆಲಿ ಕೂರ್ಸಿದ್ರು, ಕೆಜಿಗೆ 120. ತಮಾಷೆ ಅಂದ್ರೆ ಜಾತಿ ಪ್ರಕಾರ ಇದು ನಮ್ಮ ಸಿಹಿಕುಂಬಳದ ಸ್ವಂತ ದಾಯಾದಿ, ಎರಡರ ಸಸ್ಯಶಾಸ್ತ್ರದ ಹೆಸರೂ ಕುಕುರ್ಬಿಟಾ ಮೊಸ್ಚಾಟಾನೇ. ಅದ್ರ ಕತ್ತಿನ ಭಾಗದಲ್ಲಿ ಬೀಜ ಇರಲ್ಲ, ಗಟ್ಟಿ ತಿರುಳು, ಹೋಳು ಅಳತೆ ಹಿಡಿದ ಹಾಗೆ ಚೌಕಾಕಾರ ಬರುತ್ತೆ. ಪಲ್ಯ ಮಾಡಿದೆ, ಸುಳ್ಳು ಹೇಳಲ್ಲ, ಚೆನ್ನಾಗಿತ್ತು. ಆದ್ರೆ 30 ರೂಪಾಯಿ ಕಾಯಿಲಿ ಆಗೋ ಪಲ್ಯಕ್ಕೆ 120 ಯಾಕೆ ಅಂತ ನಮ್ಮ ಅತ್ತೆ ಕೇಳಿದ ಪ್ರಶ್ನೆಗೆ ನನ್ನ ಹತ್ರ ಉತ್ತರ ಇಲ್ಲ. 5ಕ್ಕೆ 2, ಬಟರ್‌ನಟ್ ಸೇರ್ಸಿದ್ರೆ ಎರಡೂವರೆ.

ಮೂರನೇದು ಹಾಪ್‌ಕಾಮ್ಸ್. ಹೌದು, ಅದೇ ಹಸಿರು ಮಳಿಗೆ, ನಮ್ಮ ಕಾಲದ ಹುಡುಗ್ರು ಮರೆತೇ ಬಿಟ್ಟಿರೋದು. 1959ರಲ್ಲಿ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘ ಅಂತ ಶುರುವಾಗಿದ್ದು ಇದು, ತೋಟಗಾರಿಕೆ ಇಲಾಖೇಲಿದ್ದ ಡಾ. ಎಂ.ಎಚ್. ಮರಿಗೌಡರ ಕಾಲದ್ದು. ನಾನು ಹೋದ ದಿನ ಇಡೀ ಕಾಯಿಗಳು ರಾಶಿ ಇದ್ವು, ತಿರುಗ್ಸಿ ನೋಡ್ತೀನಿ ಅಂದ್ರೆ ಅಲ್ಲಿದ್ದವರು "ನೋಡ್ಕೊಳಿ ಮೇಡಂ" ಅಂತ ಸುಮ್ನೆ ಬಿಟ್ರು. ಅಂತೂ ತೊಟ್ಟು ನೋಡೋ ಭಾಗ್ಯ ಬಂತು.

ಇಡೀ ಕಾಯಿ ಹೇಗೆ ನೋಡ್ಬೇಕು ಅಂದ್ರೆ, ಆಯಿ ಫೋನಲ್ಲಿ ಹೇಳಿದ್ದು, ನಾನು ಕಿವಿಗೆ ಇಯರ್‌ಫೋನ್ ಹಾಕ್ಕೊಂಡು ರಾಶಿ ಮುಂದೆ ಕೂತು ಮಾಡಿದ್ದು: ತೊಟ್ಟು ಇರ್ಲೇಬೇಕು, ಬೆಂಡಿನ ಥರ ಒಣಗಿರ್ಬೇಕು, ಹಸಿರಾಗಿ ರಸ ಇದ್ರೆ ಇನ್ನೂ ಬಲಿತಿಲ್ಲ ಅಂತ. ತೊಟ್ಟು ಮುರಿದುಹೋಗಿದ್ರೆ ಆ ತೂತಿಂದಾನೇ ಕೊಳೆ ಒಳಗಿಳಿಯುತ್ತೆ, ಅದಕ್ಕೇ ಕುಂಬಳಕಾಯಿನ ತೊಟ್ಟು ಹಿಡಿದು ಎತ್ತಬಾರದು ಅನ್ನೋದು. ಸಿಪ್ಪೆ ಮಿರಮಿರ ಮಿಂಚ್ತಿದ್ರೆ ಎಳೇದು, ಮಂಕಾಗಿದ್ರೆ ಬಲಿತಿದ್ದು. ಉಗುರು ಒತ್ತಿದ್ರೆ ಬಲಿತ ಕಾಯಿಗೆ ಇಳಿಯಲ್ಲ. ಹೀಗೆ ಒತ್ತುವಾಗ ಅಂಗಡಿಯವರ ಮುಖ ನೋಡ್ಬೇಡಿ. ನೆಲಕ್ಕೆ ತಾಗಿ ಮಲಗಿದ್ದ ಜಾಗ ಬೆಣ್ಣೆ ಬಣ್ಣಕ್ಕೆ ತಿರುಗಿರ್ಬೇಕು. ಬೆರಳ ಗೆಣ್ಣಿಂದ ಬಡಿದ್ರೆ ಟೊಳ್ಳು ಸದ್ದು ಬರ್ಬೇಕು, ಆದ್ರೆ ಎತ್ತಿದ್ರೆ ಗಾತ್ರಕ್ಕಿಂತ ಭಾರ ಅನ್ನಿಸ್ಬೇಕು. ಗಾತ್ರ ದೊಡ್ಡದಿದ್ದು ಹಗುರ ಇದ್ರೆ ಒಳಗೆ ಒಣಗಿ ನಾರು ಬಿಟ್ಟಿದೆ ಅಂತ ಲೆಕ್ಕ.

ಎಲ್ಲ ನೋಡಿ ಎರಡೂವರೆ ಕೆಜಿದೊಂದು ಚಪ್ಪಟೆ ಕಾಯಿ ತಂದೆ. ನಮ್ಮಂಥ ನಾಲ್ಕು ಜನದ ಮನೆಗೆ ಇದೇ ಸರಿ ಅಳತೆ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆ ಐಐಎಚ್‌ಆರ್‌ನವರು ಅರ್ಕಾ ಚಂದನ್, ಅರ್ಕಾ ಸೂರ್ಯಮುಖಿ ಅಂತ ಸಣ್ಣ ಗಾತ್ರದ ತಳಿ ಮಾಡಿರೋದೂ ಇಂಥ ಮನೆಗಳಿಗೆ ಅನುಕೂಲಾನೇ, ಸೂರ್ಯಮುಖಿ ಅಂತೂ ಒಂದು ಒಂದೂವರೆ ಕೆಜಿ ಅಷ್ಟೇ ಬರೋದು. ಹಿತ್ತಲು ಇರೋರು ಬೀಜ ತಂದು ಹಾಕಿ ನೋಡಿ. ನನ್ನ ತಮ್ಮ ಊರಲ್ಲಿ ಗೊಬ್ಬರಗುಂಡಿ ಪಕ್ಕ ಚಂದನ್ ಹಾಕಿದಾನೆ, ಬಳ್ಳಿ ಕೊಟ್ಟಿಗೆ ಹೆಂಚು ಹತ್ತಿ ಕೂತಿದೆಯಂತೆ.

ಇಡೀ ಕಾಯಿ ತಂದ್ರೆ ನಮ್ಮನೇಲಿ ಇನ್ನೊಂದು ಸಮಸ್ಯೆ. ಹೆಂಗಸರು ಇಡೀ ಕುಂಬಳಕಾಯಿಗೆ ಮೊದ್ಲು ಚಾಕು ಹಾಕಬಾರದು, ಗಂಡಸರು ಒಂದೇಟು ಹಾಕಿ ಕೊಟ್ಮೇಲೆ ನಾವು ಹೆಚ್ಚಬೇಕು, ಇದು ಅತ್ತೆ ರೂಲ್ಸು. ನಮ್ಮವರು ಮೀಟಿಂಗಲ್ಲಿ. ಹನ್ನೊಂದೂಕಾಲು ಆಯ್ತು ಹನ್ನೊಂದೂ ಮುಕ್ಕಾಲು ಆಯ್ತು, ಬೇಳೆ ಬೆಂದು ಕಾಯ್ತಾ ಇದೆ, ಕುಂಬಳಕಾಯಿ ಮಣೆ ಮೇಲೆ ದೇವರ ಥರ ಕೂತಿದೆ. ಕೊನೆಗೆ ಅತ್ತೆನೇ ನನ್ನ ಎಂಟು ವರ್ಷದ ಮಗನ್ನ ಕರೆದು "ಬಾರೋ ಇಲ್ಲಿ, ಚಾಕು ಮುಟ್ಟು, ಗಂಡು ಕೈ ಸೋಕಿದ್ರೆ ಸಾಕು" ಅಂತ ಅವನ ಕೈ ಮೇಲೆ ತಮ್ಮ ಕೈ ಇಟ್ಟು ಒತ್ತಿದ್ರು. ಕಾನೂನಲ್ಲಿ ಸಂದು ಹುಡುಕೋದು ಅಂದ್ರೆ ಅತ್ತೆ ಹತ್ರ ಕಲೀಬೇಕು. ಹಾಪ್‌ಕಾಮ್ಸ್‌ಗೆ 5ಕ್ಕೆ 4.

ಇನ್ನು ನಾಲ್ಕನೇದು, ಇದಕ್ಕೋಸ್ಕರಾನೇ ಇಷ್ಟುದ್ದ ಬರೀತಿರೋದು. ಗಾಂಧಿ ಬಜಾರ್ ಕಡೆ ಫುಟ್‌ಪಾತಲ್ಲಿ ಗೋಣಿಚೀಲ ಹಾಸ್ಕೊಂಡು ಕೂರೋ ಒಬ್ಬ ಅಜ್ಜಿ. ಸೊಪ್ಪು, ಬಾಳೆದಿಂಡು, ಅದ್ರ ಜೊತೆ ಎರಡು ದೊಡ್ಡ ಕುಂಬಳಕಾಯಿ. ದೊಡ್ಡದು ಅಂದ್ರೆ ಒಂದೊಂದು ಎಂಟು ಹತ್ತು ಕೆಜಿ. ಒಂದು ಕಾಯಿ ಸಿಪ್ಪೆ ಕಡು ಹಸಿರು, ಅಲ್ಲಲ್ಲಿ ಮಚ್ಚೆ. ಇನ್ನೊಂದು ಕಾವಿ ಬಣ್ಣ, ಮೇಲೆ ತೆಳ್ಳಗೆ ಪುಡಿ ಬಳ್ಕೊಂಡ ಹಾಗೆ. ಅರ್ಧ ಕೆಜಿ ಕೊಡಿ ಅಜ್ಜಿ ಅಂದೆ. ಅಜ್ಜಿ ಮಚ್ಚು ಎತ್ಕೊಂಡ್ರು, ಆದ್ರೆ ಹಾಕ್ಲಿಲ್ಲ. "ಯಾತಕ್ಕವ್ವಾ, ಹುಳಿಗಾ ಪಲ್ಯಕ್ಕಾ?"

ಹದಿನಾಲ್ಕು ವರ್ಷದಲ್ಲಿ ಈ ಊರಲ್ಲಿ ಯಾವ ತರಕಾರಿ ಅಂಗಡಿಯವರೂ ನನ್ನ ಕೇಳದೇ ಇರೋ ಪ್ರಶ್ನೆ ಇದು.

ಹುಳಿಗೆ ಅಂದೆ. ಹಸಿರು ಕಾಯಿಗೆ ಮಚ್ಚು ಬಿತ್ತು. ಒಳಗೆ ತಿಳಿ ಹಳದಿ, ಕಿತ್ತಳೆ ಅಲ್ಲ. ಅದ್ಯಾಕೆ, ಕೆಂಪಗಿರೋದು ಒಳ್ಳೇದಲ್ವಾ ಅಂದ್ರೆ "ಕೆಂಪಂದು ಬೆಲ್ಲ ಕಣವ್ವಾ, ಹುಳಿಗೆ ಹಾಕುದ್ರೆ ಕರಗೋಯ್ತದೆ. ಪಲ್ಯ ಮಾಡೋವಾಗ ಬಾ ಕೊಡ್ತೀನಿ" ಅಂದ್ರು. ಅಷ್ಟೇ ವಿಷ್ಯ. ಒಂದೂವರೆ ತಿಂಗಳು ನಾನು ಹುಡುಕ್ತಾ ಇದ್ದಿದ್ದು ಈ ಎರಡು ವಾಕ್ಯ. ನಾವು ಒಂದೇ ಕಾಯಿಲಿ ಎಲ್ಲ ಅಡುಗೆನೂ ಮಾಡಕ್ಕೆ ಹೋಗಿ ಕುಂಬಳಕಾಯಿ ಸಿಹಿ ಅಂತ ಬೈತೀವಿ. ಹುಳಿ, ಸಾರು, ಕೂಟಿಗೆ ಅರೆಬಲಿತ ಹಸಿರು ಸಿಪ್ಪೆದು, ಪಲ್ಯ, ಮೊಸರಲ್ಲಿ ಕಲ್ಸೋ ಸಾಸಿವೆಗೆ ಪೂರ್ತಿ ಬಲಿತು ಕೆಂಪಾಗಿದ್ದು. ಬಲಿತ ಕಾಯಿ ಕಿತ್ತು ಇಟ್ಟಷ್ಟೂ ಒಳಗಿನ ಪಿಷ್ಟ ಸಕ್ಕರೆ ಆಗ್ತಾ ಹೋಗುತ್ತೆ, ನಮ್ಮೂರ ಅಟ್ಟದ ಕಾಯಿ ಎರಡು ತಿಂಗಳಾದ್ಮೇಲೆ ಅಷ್ಟೊಂದು ಸಿಹಿ ಇರ್ತಿದ್ದಿದ್ದು ಅದಕ್ಕೇ. ಆಯಿ ತೊಟ್ಟು ಕೇಳಿದ್ದೂ ಅದಕ್ಕೇ ಅಂತ ಆಮೇಲೆ ಹೊಳೀತು, ಅವಳು ಕಾಯಿ ಚೆನ್ನಾಗಿದ್ಯಾ ಅಂತ ಕೇಳಿದ್ದಲ್ಲ, ಎಷ್ಟು ಬಲಿತಿದೆ ಅಂತ ಕೇಳಿದ್ದು.

ಅಜ್ಜಿ ಕತ್ತರಿಸಿಕೊಟ್ಟ ತುಂಡಿನ ಮೇಲೆ ಒಂದು ನಿಮಿಷದಲ್ಲಿ ಬೆವರಿನ ಹನಿ ಥರ ಸಣ್ಣ ಸಣ್ಣ ಮುತ್ತು ಮೂಡ್ತು. ಸಿಪ್ಪೆಯಿಂದ ಸ್ವಲ್ಪ ಒಳಗೆ, ಅಂಚಲ್ಲೇ ಸಾಲಾಗಿ. ಮುಟ್ಟಿದ್ರೆ ಅಂಟು, ಬೆರಳ ಮೇಲೆ ಒಣಗಿ ತೆಳು ಪೊರೆ ಆಗುತ್ತೆ. ಇದು ಈಗಷ್ಟೇ ಕುಯ್ದಿದ್ದು ಅನ್ನೋದಕ್ಕೆ ಸಾಕ್ಷಿ. ತುಂಡು ಕೊಳ್ಳೋರು ಇದನ್ನ ನೋಡಿ, ಜೊತೆಗೆ ಬೀಜ ನೋಡಿ. ಬೀಜ ಉಬ್ಬಿ ಗಟ್ಟಿ ಇದ್ರೆ ಬಲಿತಿದ್ದು, ಚಪ್ಪಟೆ ಮೆತ್ತಗಿದ್ರೆ ಎಳೇದು. ಬೀಜದ ಸುತ್ತ ನಾರು ಒಂದಕ್ಕೊಂದು ಹೆಣೆದ್ಕೊಂಡು ಬಿಗಿಯಾಗಿರ್ಬೇಕು, ಜೋತು ಬಿದ್ದು ಒದ್ದೆ ಒದ್ದೆ ಇದ್ರೆ ಮುಂದಕ್ಕೆ ನಡೀರಿ. ಇನ್ನೊಂದು, ಮನೆಗೆ ಬಂದ್ಮೇಲೆ ಒಂದು ಚೂರು ಹಸಿಯಾಗೇ ಬಾಯಿಗೆ ಹಾಕ್ಕೊಂಡು ನೋಡಿ. ಕಹಿ ಇದ್ರೆ ಇಡೀ ತುಂಡು ಬಿಸಾಕಿ, ಬೆಲ್ಲ ಹುಣಸೆ ಹಾಕಿ ಸರಿ ಮಾಡಕ್ಕೆ ಹೋಗ್ಬೇಡಿ. ಸೋರೆಕಾಯಿ ಕುಂಬಳಕಾಯಿ ಕುಟುಂಬದಲ್ಲಿ ಆ ಕಹಿ ಬರೋದು ಕುಕುರ್ಬಿಟಾಸಿನ್ ಅನ್ನೋದ್ರಿಂದ, ಬೇಯ್ಸಿದ್ರೂ ಹೋಗಲ್ಲ, ವಾಂತಿ ಭೇದಿ ಹಿಡ್ಸುತ್ತೆ. ಅಪರೂಪ, ಆದ್ರೂ.

ಈಗ ಹುಳಿ. ಅಜ್ಜಿ ಕೊಟ್ಟ ಹಸಿರು ಕಾಯಿ, ಸಿಪ್ಪೆ ಸಮೇತ, ಹೆಬ್ಬೆರಳ ತುದಿಯಷ್ಟು ಅಂದ್ರೆ ಒಂದಿಂಚಿನ ಹೋಳು. ಕುಕ್ಕರಿಗೆ ಹಾಕ್ಬೇಡಿ ಅಂತ ಕೈ ಮುಗಿದು ಕೇಳ್ಕೊಳ್ತೀನಿ, ಒಂದೇ ಒಂದು ಸೀಟಿಗೆ ಕತೆ ಮುಗಿಯುತ್ತೆ. ಕುಕ್ಕರಲ್ಲಿ ತೊಗರಿಬೇಳೆ ಮಾತ್ರ. ಹೋಳು ಬೇರೆ ಪಾತ್ರೇಲಿ, ಮುಳುಗೋಷ್ಟಲ್ಲ ಮುಕ್ಕಾಲು ನೀರು, ಅರಿಶಿನ, ಸ್ವಲ್ಪ ಉಪ್ಪು. ಎಂಟು ನಿಮಿಷಕ್ಕೆ ಚಾಕು ತುದಿ ಇಳಿಯುತ್ತೆ ಆದ್ರೆ ಸ್ವಲ್ಪ ತಡೆಯುತ್ತೆ, ಆ ಹದದಲ್ಲಿ ಹುಣಸೆ ರಸ ಹಾಕಿ. ಹುಣಸೆ ಬಿದ್ಮೇಲೆ ಹೋಳು ಅಷ್ಟು ಬೇಗ ಮೆತ್ತಗಾಗಲ್ಲ, ಹುಳಿ ಅಂಶ ತರಕಾರಿ ಬೇಯೋದನ್ನ ನಿಧಾನ ಮಾಡುತ್ತೆ. ಇದು ಗೊತ್ತಿದ್ರೆ ಎರಡು ಕಡೆಗೂ ಉಪಯೋಗ: ಕಾಯಿ ಗಟ್ಟಿ ಇದ್ರೆ ಹುಣಸೆ ತಡವಾಗಿ, ಕಾಯಿ ಬಲಿತು ಮೆತ್ತಗಿದೆ ಬೇರೆ ಗತಿ ಇಲ್ಲ ಅಂದ್ರೆ ಹುಣಸೆ ಶುರುಲೇ. ಮಸಾಲೆಗೆ ಎಣ್ಣೇಲಿ ಹುರ್ಕೊಳ್ಳೋದು ಕೊತ್ತಂಬರಿ ಬೀಜ ಎರಡು ಚಮಚ, ಕಡ್ಲೆಬೇಳೆ ಒಂದು, ಉದ್ದಿನಬೇಳೆ ಅರ್ಧ, ಮೆಂತ್ಯ ಒಂದು ಹತ್ತು ಕಾಳು, ಬ್ಯಾಡಗಿ ಮೆಣಸಿನಕಾಯಿ ಆರು, ಖಾರಕ್ಕೆ ಗುಂಟೂರು ಎರಡು, ಇಂಗು. ಕಾಯಿತುರಿ ಜೊತೆ ರುಬ್ಬಿ ಹಾಕಿ, ಬೇಳೆ ಸೇರ್ಸಿ, ಎರಡು ಕುದಿ. ಮೆಂತ್ಯ ಮರೀಬೇಡಿ, ಸಿಹಿಕುಂಬಳದ ಸಿಹಿಗೆ ಲಗಾಮು ಹಾಕೋದೇ ಆ ಹತ್ತು ಕಾಳು. ಬೆಲ್ಲ ನಾನು ಹಾಕಲ್ಲ. ಮೈಸೂರು ಕಡೆಯವರು ಈ ಮಾತಿಗೆ ಜಗಳಕ್ಕೆ ಬರ್ತೀರ ಅಂತ ಗೊತ್ತು, ಬೇರೆ ತರಕಾರಿ ಹುಳಿಗೆ ಹಾಕಿ ಬಿಡಿ, ಇದಕ್ಕೆ ಬೇಡ.

ಅವತ್ತು ನಮ್ಮವರು ಎರಡನೇ ಸಲ ಹಾಕಿಸ್ಕೊಂಡ್ರು. ಏನೂ ಹೇಳ್ಲಿಲ್ಲ, ಹೋಳು ಮಾತ್ರ ಒಂದೂ ತಟ್ಟೆ ಅಂಚಿಗೆ ಹೋಗ್ಲಿಲ್ಲ.

ಮುಂದಿನ ವಾರ ಪಲ್ಯಕ್ಕೆ ಅಂತ ಹೋಗಿ ಕೆಂಪು ಕಾಯಿ ತಂದೆ. ಇದ್ರ ಪಲ್ಯಕ್ಕೆ ನೀರೇ ಬೇಡ. ಅಗಲ ಬಾಣಲೆ, ಎಣ್ಣೆ ಧಾರಾಳ, ಸಾಸಿವೆ, ಉದ್ದಿನಬೇಳೆ, ಒಣಮೆಣಸು ಮುರಿದು, ಕರಿಬೇವು. ಹೋಳು ಹಾಕಿ ಎರಡು ನಿಮಿಷ ತಟ್ಟೆ ಮುಚ್ಚಿ, ಆಮೇಲೆ ತೆಗೆದುಬಿಡಿ. ಉಪ್ಪು ಕೊನೇಲಿ, ಮೊದ್ಲೇ ಹಾಕಿದ್ರೆ ನೀರು ಬಿಟ್ಕೊಂಡು ಪಲ್ಯ ಹೋಗಿ ಗೊಜ್ಜಾಗುತ್ತೆ. ಸೌಟಲ್ಲಿ ತಿರುವ್ತಾ ಇರ್ಬೇಡಿ, ಬಾಣಲೆ ಹಿಡಿದು ಒಂದ್ಸಲ ಕುಲುಕಿ ಸಾಕು. ಬಾಣಲೆಗೆ ತಾಗಿದ ಮಗ್ಗಲು ಕಂದು ಬಣ್ಣಕ್ಕೆ ಸ್ವಲ್ಪ ಕಚ್ಚಿದ್ರೇನೇ ರುಚಿ, ಇಲ್ಲಿ ಸಿಹಿ ಕೆಲಸಕ್ಕೆ ಬರುತ್ತೆ ನೋಡಿ, ಆ ಸಕ್ಕರೆ ಅಂಶಾನೇ ಕೆಂಪಗೆ ಹುರಿಯೋದು. ಕೊನೇಲಿ ಹಸಿ ಕಾಯಿ, ಒಂದರ್ಧ ಚಮಚ ಸಾಸಿವೆ, ಒಂದು ಹಸಿಮೆಣಸು ನೀರಿಲ್ದೆ ತರಿತರಿಯಾಗಿ ತಿರುವಿ ಉದುರಿಸಿ ಒಲೆ ಆರ್ಸಿ. ಸಾಸಿವೆಯ ಆ ಮೂಗಿಗೇರೋ ಖಾರಕ್ಕೂ ಕೆಂಪು ಕುಂಬಳದ ಸಿಹಿಗೂ ಅದೇನೋ ಋಣಾನುಬಂಧ. ನಮ್ಮ ಕಡೆ ಇದೇ ಜೋಡಿನ ಮೊಸರಲ್ಲಿ ಕಲ್ಸಿ ಸಾಸಿವೆ ಅಂತ ಮಾಡ್ತೀವಿ, ಬೇಸಿಗೇಲಿ ಅನ್ನಕ್ಕೆ ಬೇರೇನೂ ಬೇಡ. ನಮ್ಮ ಮೇಲಿನ ಮನೆ ಬಂಗಾಳಿ ಆಂಟಿ ಇದೇ ಕೆಂಪು ಕಾಯಿಗೆ ಕಪ್ಪು ಕಡ್ಲೆಕಾಳು ಹಾಕಿ, ಮೆಂತ್ಯ ಸೋಂಪು ಜೀರಿಗೆ ಎಲ್ಲ ಸೇರಿರೋ ಪಂಚ್ ಫೋರನ್ ಒಗ್ಗರಣೆ ಕೊಟ್ಟು ಛೊಕ್ಕಾ ಅಂತ ಮಾಡ್ತಾರೆ, ಪೂರಿ ಜೊತೆ ಒಂದ್ಸಲ ಕಳ್ಸಿದ್ರು, ಡಬ್ಬಿ ವಾಪಸ್ ಕೊಡಕ್ಕೆ ಮನಸ್ಸೇ ಬರ್ಲಿಲ್ಲ.

ಸಾರು ಅತ್ತೆ ಡಿಪಾರ್ಟ್‌ಮೆಂಟು. ಅವರು ತುಮಕೂರಿನ ಕಡೆಯವರು, ಅಲಸಂದೆ ಕಾಳು ರಾತ್ರಿ ನೆನೆಹಾಕಿ, ಈರುಳ್ಳಿ ಬೆಳ್ಳುಳ್ಳಿ ಕಾಯಿ ಸಾರಿನಪುಡಿ ರುಬ್ಬಿ, ಹಸಿರು ಕುಂಬಳಕಾಯಿನ ದೊಡ್ಡ ದೊಡ್ಡ ಹೋಳು ಮಾಡಿ ಹಾಕ್ತಾರೆ, ಮುದ್ದೆಗೆ. ಇದ್ರಲ್ಲಿ ಒಂದೆರಡು ಹೋಳು ಬೇಕಂತಲೇ ಹಿಸುಕಿ ಬಿಡ್ತಾರೆ, ಸಾರು ಮುದ್ದೆಗೆ ಅಂಟ್ಕೊಳ್ಳೋಷ್ಟು ಗಟ್ಟಿ ಬರುತ್ತೆ. ರೆಸಿಪಿ ಕೇಳಿದ್ರೆ "ಅದಕ್ಕೇನಮ್ಮ ರೆಸಿಪಿ" ಅಂತಾರೆ, ಹಾಗಾಗಿ ಅಳತೆ ಬರೆಯಕ್ಕಾಗಲ್ಲ.

ಸಿಪ್ಪೆ ತೆಗೀಬೇಡಿ ಅಂದೆನಲ್ಲ, ಕಾಯಿ ತೀರಾ ಬಲಿತು ಸಿಪ್ಪೆ ಕೊರಡಾಗಿದ್ರೆ ತೆಗೀಲೇಬೇಕಾಗುತ್ತೆ. ಆವಾಗ ಮೇಲಿನ ಗಟ್ಟಿ ಪದರ ಸ್ವಲ್ಪ ಹೆರೆದು, ಉಳಿದ ಸಿಪ್ಪೆನ ಸಣ್ಣಗೆ ಹೆಚ್ಚಿ ಎಣ್ಣೇಲಿ ಗರಿಯಾಗೋವರೆಗೆ ಹುರಿದು, ಉದ್ದಿನಬೇಳೆ ಒಣಮೆಣಸು ಹುಣಸೆ ಕಾಯಿ ಜೊತೆ ಚಟ್ನಿ ರುಬ್ಬಿ. ಒಳಗಿನ ತಿರುಳನ್ನೂ ಹಾಗೇ ಬಾಡ್ಸಿ, ಜೀರಿಗೆ ಮೆಣಸು ಕಾಯಿ ಹಾಕಿ ರುಬ್ಬಿ ಮಜ್ಜಿಗೆ ಸೇರ್ಸಿದ್ರೆ ತಂಬುಳಿ. ಬೀಜ ತೊಳೆದು ಬಿಸಿಲಲ್ಲಿ ಒಣಗ್ಸಿ ಹುರಿದಿಟ್ರೆ ಮಗ ಸ್ಕೂಲಿಂದ ಬರೋ ಹೊತ್ತಿಗೆ ಡಬ್ಬಿ ಖಾಲಿ. ಅಂಗಡೀಲಿ ಇದೇ ಬೀಜ 100 ಗ್ರಾಂಗೆ ಎಷ್ಟು ರೇಟು ಅಂತ ನೋಡ್ಕೊಂಡು ಬನ್ನಿ, ಆಮೇಲೆ ಕಸದ ಬುಟ್ಟಿಗೆ ಹಾಕಕ್ಕೆ ಕೈ ಬರಲ್ಲ. ಅಜ್ಜಿ ತಿರುಳು ಬೀಜ ತೂಕಕ್ಕೆ ಹಾಕಲ್ಲ, ಬೇಕು ಅಂದ್ರೆ ಸುಮ್ನೆ ಕೈಗೆ ಕೊಡ್ತಾರೆ. ಯಾರಿಗೂ ಬೇಡವಂತೆ, ಹಸು ಬಂದ್ರೆ ಹಸುಗೆ.

ಅಜ್ಜಿಗೆ 5ಕ್ಕೆ 5 ಕೊಡ್ಬೇಕು, ನಾಲ್ಕೂವರೆ ಕೊಡ್ತೀನಿ. ಕಾರಣ ಇದೆ. ತಕ್ಕಡಿ ಹಳೇದು, ಅರ್ಧ ಕೆಜಿ ಅಂದ್ರೆ ಮನೇಲಿ ಒಂದ್ಸಲ 470 ಗ್ರಾಂ ಬಂತು ಇನ್ನೊಂದ್ಸಲ 560 ಬಂತು, ಸರಾಸರಿ ಲೆಕ್ಕ ಹಾಕಿದ್ರೆ ನಾನೇ ಬಾಕಿ. ಆದ್ರೆ ಅರ್ಧ ಮಾರ್ಕು ಕಿತ್ಕೊಂಡಿದ್ದು ಅದಕ್ಕಲ್ಲ, ಒಂದು ದಿನ ನಾನು ಹುಳಿಗೆ ಅಂತ ಹೋದ್ರೆ ಹಸಿರು ಕಾಯಿ ಖಾಲಿಯಾಗಿತ್ತು, ಕೆಂಪಂದೇ ಕೊಡಿ ಅಜ್ಜಿ ಹೇಗೋ ಮಾಡ್ಕೊಳ್ತೀನಿ ಅಂದ್ರೆ ಕೊಡ್ಲೇ ಇಲ್ಲ. "ಹೋಗಿ ಮೂಲಂಗಿ ತಗೊಂಡೋಗು" ಅಂದ್ಬಿಟ್ರು. ಗಿರಾಕಿನ ಹೀಗೆ ವಾಪಸ್ ಕಳ್ಸೋದಾ?

ಹೋಗೋರಿಗೆ: ಬೆಳಗ್ಗೆ ಏಳರಿಂದ ಹತ್ತರೊಳಗೆ ಹೋಗಿ, ಆಮೇಲೆ ಬಿಸಿಲು ಅಂತ ಎದ್ದುಬಿಡ್ತಾರೆ. ಅಮಾವಾಸ್ಯೆ ಹಿಂದಿನ ದಿನ ಹೋಗ್ಬೇಡಿ, ಅಂಗಡಿ ಪೂಜೆಯವರಿಗೆ ಬೂದುಗುಂಬಳ ಮಾರೋ ಗಲಾಟೇಲಿ ನಿಮ್ಮ ಅರ್ಧ ಕೆಜಿ ಯಾರೂ ಕೇಳಲ್ಲ. ಯುಪಿಐ ಬೋರ್ಡ್ ಇದೆ, ಅದು ಮೊಮ್ಮಗನ ನಂಬರು, ಅವನು ಪಕ್ಕದಲ್ಲಿ ಇಲ್ದಿದ್ರೆ ಅಜ್ಜಿಗೆ ದುಡ್ಡು ಬಂತೋ ಇಲ್ವೋ ಗೊತ್ತಾಗಲ್ಲ, ಚಿಲ್ಲರೆ ಇಟ್ಕೊಂಡು ಹೋಗಿ. ಬಟ್ಟೆ ಚೀಲಾನೂ. ಮತ್ತೆ ಏನು ಅಡುಗೆ ಅಂತ ಮನೇಲೇ ತೀರ್ಮಾನ ಮಾಡ್ಕೊಂಡು ಹೋಗಿ, ಅಲ್ಲಿ ನಿಂತು ತಲೆ ಕೆರ್ಕೊಂಡ್ರೆ ಅಜ್ಜಿ ಕಾಯಲ್ಲ, ಹಿಂದಿನವರಿಗೆ ಕೊಟ್ಬಿಡ್ತಾರೆ.